ಉಲ್ಲೇಖಗಳ ಲೆಕ್ಕವೂ ಕುರುಚಲು ಗುಡ್ಡಗಳೂ

ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಭಾಗದ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ



ಇತ್ತೀಚಿನ ವರ್ಷಗಳಲ್ಲಿ ಪತ್ರಿಕೆಗಳ ಒಳಪುಟದಲ್ಲಿ ಒಂದು ಸುದ್ದಿ ತಪ್ಪದೆ ಕಾಣಿಸಿಕೊಳ್ಳುತ್ತದೆ. ಜಗತ್ತಿನ ಅಗ್ರ ಶೇಕಡಾ 2ರಷ್ಟು ವಿಜ್ಞಾನಿಗಳ ಪಟ್ಟಿಯಲ್ಲಿ ಇಂಥ ಕಾಲೇಜಿನ, ಇಂಥ ವಿಶ್ವವಿದ್ಯಾಲಯದ ಇಷ್ಟು ಮಂದಿ ಸ್ಥಾನ ಪಡೆದಿದ್ದಾರೆ ಎಂಬುದು ಆ ಸುದ್ದಿ. ಶಾಲು ಹೊದಿಸಿದ ಭಾವಚಿತ್ರವೂ ಜೊತೆಗಿರುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಅಯೋನಿಡಿಸ್ ಮತ್ತು ಅವರ ಸಂಗಡಿಗರು 2019ರಲ್ಲಿ ಮೊದಲು ಪ್ರಕಟಿಸಿದ ಪಟ್ಟಿಯ ಮುಂದುವರಿಕೆ ಇದು. ಸನ್ಮಾನಿತರ ಬಗ್ಗೆ ಯಾರಿಗೂ ಅಸೂಯೆ ಬೇಡ. ಆದರೆ ಈ ಪಟ್ಟಿ ಅಳೆಯುವುದು ಏನನ್ನು, ಅಳತೆಗೆ ಸಿಗದೆ ಉಳಿಯುವುದು ಏನು, ಹಾಗೆ ಉಳಿದದ್ದರಿಂದ ಗುಡ್ಡದ ಬುಡದಲ್ಲಿ ಬದುಕುವ ಜನರಿಗೆ ಆಗುವ ನಷ್ಟವೇನು ಎಂಬುದನ್ನು ವಿಚಾರಿಸಿ ನೋಡುವುದು ಅಗತ್ಯ. ಕಾಡಿನ ಅಧ್ಯಯನಕ್ಕೆ ಸಂಬಂಧಿಸಿದಂತೆ ಈ ಪ್ರಶ್ನೆ ಬಹಳ ತೀಕ್ಷ್ಣವಾದುದು.

ವಿಜ್ಞಾನಿಯೊಬ್ಬರು ಪ್ರಬಂಧ ಬರೆಯುವಾಗ ತಮಗಿಂತ ಹಿಂದೆ ಅದೇ ವಿಷಯದಲ್ಲಿ ದುಡಿದವರ ಬರಹಗಳನ್ನು ಹೆಸರಿಸುತ್ತಾರೆ. ಇದಕ್ಕೆ ಉಲ್ಲೇಖ ಎಂದು ಹೆಸರು. ಒಂದು ಪ್ರಬಂಧವನ್ನು ಮುಂದಿನವರು ಎಷ್ಟು ಬಾರಿ ಉಲ್ಲೇಖಿಸಿದರು ಎಂದು ಎಣಿಸುವ ಪದ್ಧತಿಗೆ ತಳಹದಿ ಹಾಕಿದವರು ಅಮೆರಿಕದ ಯೂಜೀನ್ ಗಾರ್ಫೀಲ್ಡ್. 1955ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಅವರು ಈ ಕಲ್ಪನೆಯನ್ನು ಮಂಡಿಸಿದರು. 1964ರಲ್ಲಿ ಅವರ ಸಂಸ್ಥೆಯು 'ಸೈನ್ಸ್ ಸೈಟೇಷನ್ ಇಂಡೆಕ್ಸ್' ಎಂಬ ಸೂಚಿಯನ್ನು ಹೊರತಂದಿತು. ಅವರಿಗೆ ಮಾದರಿಯಾದುದು ವಕೀಲರ ಕೈಪಿಡಿ. ಅಮೆರಿಕದಲ್ಲಿ ಹತ್ತೊಂಬತ್ತನೆಯ ಶತಮಾನದಿಂದಲೇ ಒಂದು ತೀರ್ಪನ್ನು ಮುಂದೆ ಯಾವ ಯಾವ ನ್ಯಾಯಾಲಯಗಳು ಎತ್ತಿ ಹೇಳಿದವು ಎಂದು ತಿಳಿಸುವ 'ಶೆಪರ್ಡ್ಸ್ ಸೈಟೇಷನ್ಸ್' ಎಂಬ ಗ್ರಂಥಮಾಲೆ ಇದ್ದಿತು. ಹಳೆಯ ತೀರ್ಪು ಇನ್ನೂ ಜೀವಂತವಾಗಿದೆಯೇ, ರದ್ದಾಗಿದೆಯೇ ಎಂಬುದನ್ನು ಅದರಿಂದ ವಕೀಲನು ಕಂಡುಕೊಳ್ಳುತ್ತಿದ್ದ. ಗಾರ್ಫೀಲ್ಡರ ಮೂಲ ಉದ್ದೇಶವೂ ಇಂಥದೇ. ಒಂದು ವಿಚಾರ ಎಲ್ಲಿಂದ ಹೊರಟು ಎಲ್ಲಿಗೆ ಹೋಯಿತು ಎಂದು ಓದುಗನಿಗೆ ದಾರಿ ತೋರಿಸುವ ಉಪಕರಣ ಅದು. ಮನುಷ್ಯರನ್ನು ತೂಗುವ ತಕ್ಕಡಿಯಾಗಿ ಅದು ಬದಲಾದುದು ಆಮೇಲೆ.

ತಕ್ಕಡಿಯ ಬಟ್ಟುಗಳು ಎರಡು. ಮೊದಲನೆಯದು ಇಂಪ್ಯಾಕ್ಟ್ ಫ್ಯಾಕ್ಟರ್. ಒಂದು ಪತ್ರಿಕೆ ಹಿಂದಿನ ಎರಡು ವರ್ಷಗಳಲ್ಲಿ ಪ್ರಕಟಿಸಿದ ಪ್ರಬಂಧಗಳು ಈ ವರ್ಷ ಸರಾಸರಿ ಎಷ್ಟು ಬಾರಿ ಉಲ್ಲೇಖಗೊಂಡವು ಎಂಬ ಲೆಕ್ಕ ಅದು. ಎರಡನೆಯದು ಎಚ್-ಇಂಡೆಕ್ಸ್, ಜಾರ್ಜ್ ಹಿರ್ಷ್ ಎಂಬ ಭೌತವಿಜ್ಞಾನಿ 2005ರಲ್ಲಿ ಸೂಚಿಸಿದ್ದು. ಒಬ್ಬರ ಪ್ರಬಂಧಗಳಲ್ಲಿ ಮೂವತ್ತು ಪ್ರಬಂಧಗಳು ತಲಾ ಮೂವತ್ತು ಬಾರಿಯಾದರೂ ಉಲ್ಲೇಖಗೊಂಡಿದ್ದರೆ ಅವರ ಎಚ್-ಇಂಡೆಕ್ಸ್ ಮೂವತ್ತು. ಲೆಕ್ಕ ಸುಲಭ, ಅದಕ್ಕೇ ಆಡಳಿತದವರಿಗೆ ಪ್ರಿಯ. ಆದರೆ ಎರಡು ವರ್ಷದ ಕಿಟಕಿಯಿಂದ ಕಾಡನ್ನು ನೋಡುವುದು ಹೇಗೆ? ಹೆಬ್ಬಿದಿರು ಹೂ ಬಿಡುವುದು ನಲವತ್ತು ವರ್ಷಗಳ ಆಸುಪಾಸಿನಲ್ಲಿ ಒಮ್ಮೆ. ತೇಗದ ಸಸಿ ನೆಟ್ಟವನ ಮೊಮ್ಮಗ ಅದನ್ನು ಕಡಿಯುತ್ತಾನೆ. ಗ್ರೆಗರ್ ಮೆಂಡೆಲ್ ಬಟಾಣಿ ಗಿಡಗಳ ಮೇಲೆ ನಡೆಸಿದ ಪ್ರಯೋಗದ ವರದಿ 1866ರಲ್ಲಿ ಅಚ್ಚಾಯಿತು. 1900ರವರೆಗೆ ಅದನ್ನು ಗಮನಿಸಿದವರು ಬೆರಳೆಣಿಕೆಯಷ್ಟು. ಇಂದು ಬಿತ್ತುವ ಹೈಬ್ರಿಡ್ ಜೋಳದ ಹಿಂದೆ ಇರುವುದು ಅದೇ ತತ್ತ್ವ. ಎರಡು ವರ್ಷದ ಅಳತೆಯಲ್ಲಿ ಮೆಂಡೆಲನ ಅಂಕ ಹೆಚ್ಚುಕಡಿಮೆ ಸೊನ್ನೆ.

ಪ್ರಶ್ನೆಯನ್ನು ಗಾಳಿಯಲ್ಲಿ ಚರ್ಚಿಸುವುದಕ್ಕಿಂತ ಕರ್ನಾಟಕದ ಕಾಡುಗಳಲ್ಲಿಯೇ ದುಡಿದ ಒಬ್ಬ ವಿಜ್ಞಾನಿಯ ಪ್ರಕಟಣೆಗಳನ್ನು ಮುಂದಿಟ್ಟುಕೊಂಡು ನೋಡುವುದು ಒಳಿತು. ಮಾಧವ ಗಾಡ್ಗೀಳ್ ಅವರ ಹೆಸರನ್ನು ಮಲೆನಾಡಿನವರು ಪಶ್ಚಿಮಘಟ್ಟ ವರದಿಯ ಮೂಲಕ ಬಲ್ಲರು. ಪುಣೆಯಲ್ಲಿ 1942ರಲ್ಲಿ ಹುಟ್ಟಿದ ಅವರು ಹಾರ್ವರ್ಡ್‌ನಲ್ಲಿ ಡಾಕ್ಟರೇಟ್ ಪಡೆದು, 1973ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. ಅಲ್ಲಿ 1983ರಲ್ಲಿ ಪರಿಸರ ವಿಜ್ಞಾನ ಕೇಂದ್ರವನ್ನು ಕಟ್ಟಿದರು.

ಅವರ ಅತಿ ಹೆಚ್ಚು ಉಲ್ಲೇಖಗೊಂಡ ಪ್ರಬಂಧಗಳಲ್ಲಿ ಒಂದು 1970ರದು. ವಿಲಿಯಂ ಬೊಸೆರ್ಟ್ ಅವರೊಡನೆ 'ಅಮೆರಿಕನ್ ನ್ಯಾಚುರಲಿಸ್ಟ್' ಪತ್ರಿಕೆಯಲ್ಲಿ ಬರೆದದ್ದು. ಗಣಿತದ ಸೂತ್ರಗಳಿಂದ ತುಂಬಿದ ಈ ಬರಹವನ್ನು ಜಗತ್ತಿನ ಜೀವವಿಜ್ಞಾನಿಗಳು ಸಾವಿರಾರು ಬಾರಿ ಉಲ್ಲೇಖಿಸಿದ್ದಾರೆ. ಅದರೊಳಗಿನ ಪ್ರಶ್ನೆಯಾದರೋ ಯಲಬುರ್ಗಾದ ಹೊಲದ ಬದುವಿನಲ್ಲಿ ನಿಂತು ಕೇಳಬಹುದಾದದ್ದು. ಬದುವಿನ ಕತ್ತಾಳೆ ಹತ್ತಾರು ವರ್ಷ ಎಲೆಯಲ್ಲಿ ಸತ್ತ್ವ ಕೂಡಿಟ್ಟು, ಒಂದೇ ಸಲ ಆಳೆತ್ತರಕ್ಕೂ ಮೀರಿದ ಹೂಗಂಬವನ್ನು ಎತ್ತಿ, ಆಮೇಲೆ ಒಣಗಿ ಸಾಯುತ್ತದೆ. ಪಕ್ಕದ ಬೇವು ಪ್ರತಿ ವರ್ಷವೂ ಹೂ ಬಿಟ್ಟು, ಬೀಜ ಉದುರಿಸಿ, ಮತ್ತೆ ಚಿಗುರುತ್ತದೆ. ಎರಡೂ ಬದುಕಿ ಉಳಿದಿವೆ. ಹಾಗಾದರೆ ಯಾವ ಸ್ಥಿತಿಯಲ್ಲಿ ಒಂದೇ ಬಾರಿಗೆ ಎಲ್ಲವನ್ನೂ ಸುರಿದುಬಿಡುವುದು ಲಾಭ, ಯಾವ ಸ್ಥಿತಿಯಲ್ಲಿ ಉಳಿಸಿ ಉಳಿಸಿ ಖರ್ಚು ಮಾಡುವುದು ಲಾಭ? ಜೀವಿಯ ಕೈಯಲ್ಲಿರುವ ಬಂಡವಾಳ ಮಿತವಾದುದು. ಸಂತಾನಕ್ಕೆ ಹೆಚ್ಚು ಹಾಕಿದರೆ ದೇಹರಕ್ಷಣೆಗೆ ಕಡಿಮೆಯಾಗುತ್ತದೆ. ಈ ಹಂಚಿಕೆಯ ಲೆಕ್ಕವನ್ನು ಆ ಪ್ರಬಂಧ ಕ್ರಮಬದ್ಧವಾಗಿ ಮಾಡಿ ತೋರಿಸಿತು. ಬಿದಿರೂ ಕತ್ತಾಳೆಯ ಪಂಗಡದ್ದೇ. ಒಮ್ಮೆ ಹೂತು ಸಾಯುವಂಥದು.

ಇಲ್ಲಿಂದ ಮುಂದಿನ ಕಥೆ ಹೆಚ್ಚು ಸ್ವಾರಸ್ಯಕರ. ಬೆಂಗಳೂರಿಗೆ ಬಂದ ಕೆಲವೇ ವರ್ಷಗಳಲ್ಲಿ, 1975ರ ಹೊತ್ತಿಗೆ, ಗಾಡ್ಗೀಳರ ಮುಂದೆ ನಿಜವಾದ ಬಿದಿರು ಬಂದು ನಿಂತಿತು. ಬುಟ್ಟಿ ಹೆಣೆಯುವ ಮೇದಾರರಿಗೆ ಬಿದಿರು ಸಿಗದಂತಾಗಿತ್ತು. ಕಾಗದ ಕಾರ್ಖಾನೆಗಳು ಕಾಡನ್ನು ಬರಿದು ಮಾಡುತ್ತಿವೆ ಎಂಬ ದೂರು ಸರ್ಕಾರದ ಬಾಗಿಲಿಗೆ ಹೋಗಿತ್ತು. ಕಾರ್ಖಾನೆಗಳಿಗೆ ಬಿದಿರನ್ನು ಆರಂಭದಲ್ಲಿ ಟನ್ನಿಗೆ ಒಂದೂವರೆ ರೂಪಾಯಿಯಂತಹ ನಾಮಮಾತ್ರ ದರದಲ್ಲಿ ಕೊಡಲಾಗಿತ್ತು. ಬುಟ್ಟಿ ಹೆಣೆಯುವವನು ಅದೇ ಬಿದಿರನ್ನು ಪೇಟೆಯ ದರಕ್ಕೆ ಕೊಳ್ಳಬೇಕಾಗಿತ್ತು. ಗಾಡ್ಗೀಳ್ ಮತ್ತು ಅವರ ವಿದ್ಯಾರ್ಥಿ ಎಸ್. ನರೇಂದ್ರ ಪ್ರಸಾದ್ ಉತ್ತರ ಕನ್ನಡದ ಕಾಡುಗಳಲ್ಲಿ ವರ್ಷಗಟ್ಟಲೆ ಬಿದಿರು ಮೆಳೆಗಳನ್ನು ಎಣಿಸಿದರು. ಆಗ ಹಳ್ಳಿಯವರು ಒಂದು ಮಾತು ಹೇಳಿದರು. ಮೆಳೆಯ ಬುಡದಲ್ಲಿ ಹೆಣೆದುಕೊಂಡಿರುವ ಮುಳ್ಳುಗೊಂಬೆಗಳನ್ನು ಇಲಾಖೆಯವರು ಬಿದಿರು ಚೆನ್ನಾಗಿ ಬೆಳೆಯಲೆಂದು ಸವರಿಸುತ್ತಾರೆ. ಸವರಿದ ಮೇಲೆ ಎಳೆಯ ಕಳಲೆಯನ್ನು ದನ, ಮುಸುವ, ಮುಳ್ಳುಹಂದಿಗಳು ತಿಂದು ಹಾಕುತ್ತವೆ. ಹೀಗಾಗಿ ಮೆಳೆ ಏಳುವುದೇ ಇಲ್ಲ. ಮುಳ್ಳೆಂದರೆ ಕಸವೆಂದು ಅರಣ್ಯಶಾಸ್ತ್ರದ ಪುಸ್ತಕ ಹೇಳಿದ್ದನ್ನು ಹಳ್ಳಿಯವರು ಬೇಲಿಯೆಂದು ಹೇಳಿದರು. ಮುಳ್ಳು ಸವರಿದ ಮೆಳೆ ಮತ್ತು ಹಾಗೆಯೇ ಬಿಟ್ಟ ಮೆಳೆ ಎರಡನ್ನೂ ಹೋಲಿಸಿ ನೋಡಿದಾಗ ಹಳ್ಳಿಯವರ ಮಾತೇ ನಿಜವಾಯಿತು.

ಈ ಅಧ್ಯಯನದ ವರದಿಯನ್ನು 1981ರಲ್ಲಿ ಪ್ರಕಟಿಸಿದ್ದು ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ. ಇಂಥ ಸರ್ಕಾರಿ ವರದಿಗಳು ಉಲ್ಲೇಖ ಸೂಚಿಗಳ ಕಣ್ಣಿಗೆ ಸಾಮಾನ್ಯವಾಗಿ ಬೀಳುವುದಿಲ್ಲ. ಇದೇ ಕೆಲಸದ ಸೈದ್ಧಾಂತಿಕ ಭಾಗ, ಎರಡು ಜಾತಿಯ ಬಿದಿರುಗಳ ಜೀವನಕ್ರಮದ ಹೋಲಿಕೆ, 1984ರಲ್ಲಿ 'ಬಯೋಟ್ರಾಪಿಕಾ' ಎಂಬ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಬಂದಿತು. ಅದು ಸೂಚಿಯೊಳಗೆ ಸೇರಿತು. ಒಂದೇ ಮೆಳೆಯ ಬುಡದಲ್ಲಿ ಹುಟ್ಟಿದ ಎರಡು ಬರಹಗಳಲ್ಲಿ ಒಂದಕ್ಕೆ ಅಂಕವುಂಟು, ಇನ್ನೊಂದಕ್ಕಿಲ್ಲ. ಮೇದಾರನಿಗೆ ಬೇಕಾದದ್ದು ಅಂಕವಿಲ್ಲದ ಬರಹ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಆದರೆ ಅದರಿಂದ ಮೊದಲನೆಯದು ವ್ಯರ್ಥವೆಂದು ಅರ್ಥವಲ್ಲ. 1970ರ ಸೂತ್ರ ತಲೆಯಲ್ಲಿದ್ದ ಕಾರಣದಿಂದಲೇ 1975ರಲ್ಲಿ ಹಳ್ಳಿಯವನ ಮಾತಿನ ಬೆಲೆ ತಟ್ಟನೆ ತಿಳಿಯಿತು ಎನ್ನುವುದೂ ಅಷ್ಟೇ ಸಂಭವನೀಯ. ಒಮ್ಮೆ ಮಾತ್ರ ಹೂ ಬಿಡುವ ಗಿಡಕ್ಕೆ ಅಲ್ಲಿಯವರೆಗೂ ಬದುಕಿ ಉಳಿಯುವುದೇ ಎಲ್ಲಕ್ಕಿಂತ ದೊಡ್ಡ ಕೆಲಸ. ಮುಳ್ಳು ಆ ಕೆಲಸದ ಆಯುಧ. ಸಿದ್ಧಾಂತವನ್ನು ಹೀಗಳೆಯುವುದು ಪರಿಸರ ಚಳವಳಿಗೆ ಅಂಟಿರುವ ಒಂದು ಕೆಟ್ಟ ಚಾಳಿ.

ದೇವರಕಾಡುಗಳ ಬಗ್ಗೆ ವಿ.ಡಿ. ವರ್ತಕ್ ಅವರೊಡನೆ 1976ರಲ್ಲಿ 'ಎಕನಾಮಿಕ್ ಬಾಟನಿ'ಯಲ್ಲಿ ಬರೆದ ಪ್ರಬಂಧ, ಪಾರಂಪರಿಕ ಜ್ಞಾನದ ಬಗ್ಗೆ ಫಿಕ್ರೆತ್ ಬರ್ಕೆಸ್ ಮತ್ತು ಕಾರ್ಲ್ ಫೋಕೆ ಅವರೊಡನೆ 1993ರಲ್ಲಿ 'ಆಂಬಿಯೋ' ಪತ್ರಿಕೆಯಲ್ಲಿ ಬರೆದ ಪ್ರಬಂಧ, ಇವೂ ಬಹಳ ಪ್ರಸಿದ್ಧವಾದವು. ಎರಡನೆಯದನ್ನಂತೂ ಸಾವಿರಾರು ವಿದ್ವಾಂಸರು ಉಲ್ಲೇಖಿಸಿದ್ದಾರೆ. ಇಲ್ಲೊಂದು ವಿಚಿತ್ರವಿದೆ. ಪಾರಂಪರಿಕ ಜ್ಞಾನವನ್ನು ಹೊಂದಿದ ಜನರ ಹೆಸರು ಇಂಥ ಪ್ರಬಂಧಗಳಲ್ಲಿ ಬಂದರೆ ಕೊನೆಯ ಕೃತಜ್ಞತೆಯ ಸಾಲಿನಲ್ಲಿ ಬರುತ್ತದೆ. ಉಲ್ಲೇಖ ಸೂಚಿಯು ಕೃತಜ್ಞತೆಯನ್ನು ಎಣಿಸುವುದಿಲ್ಲ. ಜ್ಞಾನದ ಕುರಿತು ಬರೆದವರಿಗೆ ಅಂಕ. ಜ್ಞಾನ ಕೊಟ್ಟವರಿಗೆ ವಂದನೆ. ಈ ವ್ಯತ್ಯಾಸವನ್ನು ಗಾಡ್ಗೀಳರೇ ಮನಗಂಡಿದ್ದರೆಂದು ತೋರುತ್ತದೆ. ಜನತಾ ಜೀವವೈವಿಧ್ಯ ದಾಖಲಾತಿಯ ಕುರಿತು 2000ದಲ್ಲಿ 'ಇಕಲಾಜಿಕಲ್ ಅಪ್ಲಿಕೇಷನ್ಸ್' ಪತ್ರಿಕೆಯಲ್ಲಿ ಬಂದ ಪ್ರಬಂಧದ ಲೇಖಕರ ಸಾಲಿನಲ್ಲಿಯೇ ಆ ಕಾರ್ಯದಲ್ಲಿ ತೊಡಗಿದ ಸದಸ್ಯರೆಲ್ಲರನ್ನೂ ಒಟ್ಟಾಗಿ ಸೇರಿಸಲಾಗಿದೆ. ಸಣ್ಣ ವಿಷಯವೆಂದು ತೋರಬಹುದು. ಲೇಖಕರ ಪಟ್ಟಿಯಲ್ಲಿ ಜಾಗ ಹಿಡಿಯಲು ನಡೆಯುವ ಪೈಪೋಟಿಯನ್ನು ಬಲ್ಲವರಿಗೆ ಅದು ಸಣ್ಣದಲ್ಲ.

ಇನ್ನು ಈ ನಾಲ್ಕು ತಾಲ್ಲೂಕುಗಳ ಕಡೆಗೆ ತಿರುಗೋಣ. ಕಾಡಿನ ಕುರಿತ ಪ್ರಬಂಧಗಳ ರಾಶಿಯಲ್ಲಿ ಮುದುಮಲೈ, ಬಿಳಿಗಿರಿರಂಗನ ಬೆಟ್ಟ, ಆಗುಂಬೆ, ಉತ್ತರ ಕನ್ನಡ ಎಂಬ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಕುಷ್ಟಗಿ, ಯಲಬುರ್ಗಾ ಎಂಬ ಹೆಸರನ್ನು ಹುಡುಕಿದರೆ ಕಣ್ಣು ದಣಿಯುತ್ತದೆ. ಗಂಗಾವತಿಯ ಹೆಸರು ಸಿಗುತ್ತದೆ. ಆದರೆ ಅದು ಭತ್ತದ ಹೆಸರಿನಲ್ಲಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಹುಟ್ಟಿದ ಸವಳು-ಜವಳು ಭೂಮಿಯ ಸಮಸ್ಯೆಯ ಬಗ್ಗೆ ಅಲ್ಲಿಯ ಕೃಷಿ ಸಂಶೋಧನಾ ಕೇಂದ್ರ ದಶಕಗಳಿಂದ ದುಡಿದಿದೆ. ನೀರಿದ್ದಲ್ಲಿ ಬೆಳೆ, ಬೆಳೆಯಿದ್ದಲ್ಲಿ ಹಣ, ಹಣವಿದ್ದಲ್ಲಿ ಪ್ರಬಂಧ. ಕಾಲುವೆಯ ಮೇಲ್ಗಡೆಯ ಗುಡ್ಡಕ್ಕೆ ಮೂರೂ ಇಲ್ಲ.

ಈ ಅನಾದರಕ್ಕೆ ಹಳೆಯ ಕಾರಣವೂ ಒಂದುಂಟು. ಇದು ಸಾಮಾನ್ಯವಾಗಿ ಯಾರ ಗಮನಕ್ಕೂ ಬಂದಿಲ್ಲ. ಬ್ರಿಟಿಷರ ಕಾಲದಲ್ಲಿ ಸಸ್ಯಸಂಪತ್ತಿನ ಪುಸ್ತಕಗಳು ಆಡಳಿತ ಪ್ರಾಂತ್ಯಗಳ ಗಡಿಯನ್ನು ಹಿಡಿದು ಬರೆಯಲ್ಪಟ್ಟವು. ಥಿಯೋಡೋರ್ ಕುಕ್ ಬರೆದ ಮುಂಬಯಿ ಪ್ರಾಂತ್ಯದ ಸಸ್ಯಗ್ರಂಥ 1901ರಿಂದ 1908ರ ನಡುವೆ ಹೊರಬಂದಿತು. ಧಾರವಾಡ, ವಿಜಾಪುರಗಳು ಅದರೊಳಗಿದ್ದವು. ಗ್ಯಾಂಬಲ್ ಆರಂಭಿಸಿದ ಮದರಾಸು ಪ್ರಾಂತ್ಯದ ಸಸ್ಯಗ್ರಂಥ 1915ರಿಂದ 1936ರವರೆಗೆ ಬಂದಿತು. ಹೊಳೆಯ ಆಚೆಯ ಬಳ್ಳಾರಿ ಅದರೊಳಗಿತ್ತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಿದ್ದದ್ದು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ. ಕೊಪ್ಪಳವಂತೂ ಸಾಲಾರ್ ಜಂಗ್ ಮನೆತನದ ಜಹಗೀರು. ಹೀಗೆ ಎರಡು ದೊಡ್ಡ ಗ್ರಂಥಗಳ ನಡುವಿನ ಸಂದಿನಲ್ಲಿ ಈ ಗುಡ್ಡಗಳು ಬಿದ್ದುಹೋದವು. ಬೀದರದಿಂದ ಇತ್ತ ಕಡೆಯ ಒಣನಾಡಿನ ಸಸ್ಯಗಳಿಗೇ ಮೀಸಲಾದ ಎನ್.ಪಿ. ಸಿಂಗ್ ಅವರ 'ಫ್ಲೋರಾ ಆಫ್ ಈಸ್ಟರ್ನ್ ಕರ್ನಾಟಕ' ಎರಡು ಸಂಪುಟಗಳಲ್ಲಿ ಬಂದದ್ದು 1988ರಲ್ಲಿ. ಅಂದರೆ ನೆರೆಯವರಿಗಿಂತ ಸುಮಾರು ಐವತ್ತರಿಂದ ಎಂಬತ್ತು ವರ್ಷ ತಡವಾಗಿ. ಮೊದಲ ಉಲ್ಲೇಖವೇ ಇಲ್ಲದ ಕಡೆ ಎರಡನೆಯ ಉಲ್ಲೇಖ ಹುಟ್ಟುವುದಾದರೂ ಎಲ್ಲಿಂದ?

ವಿಚಿತ್ರವೆಂದರೆ, ಈ ನೆಲದ ಪರಿಸರದ ಬಗ್ಗೆ ಗಂಭೀರವಾಗಿ ಬರೆದವರಲ್ಲಿ ಪುರಾತತ್ತ್ವಜ್ಞರು ಮುಂದಿದ್ದಾರೆ. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ಲಿನ ಮೊರಿಯರ ಗುಡ್ಡದ ಶಿಲಾಸಮಾಧಿಗಳನ್ನು ನೋಡಲು ಬಂದವರು ಗುಡ್ಡದ ಮಣ್ಣನ್ನೂ ನೋಡಬೇಕಾಯಿತು. ಆಂಡ್ರ್ಯೂ ಬಾವರ್ ಅವರ 'ಬಿಫೋರ್ ವಿಜಯನಗರ' 2015ರಲ್ಲಿ ಪ್ರಕಟವಾಯಿತು. ವಿಜಯನಗರಕ್ಕಿಂತ ಬಹು ಹಿಂದೆಯೇ ತುಂಗಭದ್ರೆಯ ಆಸುಪಾಸಿನ ನೆಲವನ್ನು ಜನ ಹೇಗೆ ಬಳಸಿದರು ಎಂಬುದು ಅದರ ವಿಷಯ. ಹೊಳೆಯ ಆಚೆಯ ದರೋಜಿ ಕಣಿವೆಯ ಕೆರೆಗಳ ಬಗ್ಗೆ ಕ್ಯಾಥ್ಲೀನ್ ಮಾರಿಸನ್ 2009ರಲ್ಲಿ ಪುಸ್ತಕ ಬರೆದರು. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳ ಮೇಲಿನ ಅಶೋಕನ ಶಾಸನಗಳನ್ನು ಇಲ್ಲಿಯ ವಿದ್ಯಾರ್ಥಿಗಳೆಲ್ಲ ಬಲ್ಲರು. ಮಸ್ಕಿಯಲ್ಲಿ, ಬ್ರಹ್ಮಗಿರಿಯಲ್ಲಿ ಕೆತ್ತಿಸಿದ ಮಾತುಗಳೇ ಇಲ್ಲಿಯೂ ಇವೆ. ಒಂದು ಮಾತು ಎಷ್ಟು ಬಂಡೆಗಳ ಮೇಲಿದೆ ಎಂದು ಎಣಿಸಬಹುದು. ಓದಿದವರು ಅದರಂತೆ ನಡೆದರೇ ಎಂಬುದನ್ನು ಬಂಡೆಗಳ ಲೆಕ್ಕದಿಂದ ತಿಳಿಯಲಾಗದು.

ಉಲ್ಲೇಖ ಇಲ್ಲದಿದ್ದರೆ ನಷ್ಟವೇನು ಎಂದು ಯಾರಾದರೂ ಹಿರಿಯರು ಕೇಳಬಹುದು. ಕುರಿ ಮೇಯುತ್ತವೆ, ಮಳೆ ಬಂದರೆ ಸಜ್ಜೆ ಬೆಳೆಯುತ್ತದೆ, ಪ್ರಬಂಧದಿಂದ ಆಗಬೇಕಾದ್ದೇನು? ಆಗುವುದು ಇಷ್ಟು. ಬರಹದಲ್ಲಿ ಇಲ್ಲದ ನೆಲ ಸರ್ಕಾರದ ಕಡತದಲ್ಲಿ ಪಾಳುಭೂಮಿಯಾಗುತ್ತದೆ. ಕೇಂದ್ರ ಸರ್ಕಾರವು 2000ದಿಂದೀಚೆಗೆ ಕೆಲವು ಆವೃತ್ತಿಗಳಲ್ಲಿ ಹೊರತಂದಿರುವ ಪಾಳುಭೂಮಿ ನಕಾಶೆಯಲ್ಲಿ ಕುರುಚಲು ನೆಲವೂ ಒಂದು ವರ್ಗ. ಪಾಳು ಎಂದು ಬರೆದ ಮೇಲೆ ಅಲ್ಲಿ ಏನನ್ನಾದರೂ ನಿಲ್ಲಿಸಬಹುದು: ನೀಲಗಿರಿ ತೋಪು, ಗಾಳಿಯಂತ್ರ, ಸೌರಫಲಕ. ಸೌರ ಮತ್ತು ಪವನ ವಿದ್ಯುತ್ ಯೋಜನೆಗಳು 2006ರ ಪರಿಸರ ಪರಿಣಾಮ ಅಧಿಸೂಚನೆಯ ವ್ಯಾಪ್ತಿಗೇ ಬರುವುದಿಲ್ಲವಾದ್ದರಿಂದ, ಅಲ್ಲಿ ಏನಿತ್ತು ಎಂದು ಕೇಳುವ ಕಡ್ಡಾಯವೂ ಇಲ್ಲ. ಅಧ್ಯಯನ ಕಡ್ಡಾಯವಾಗಿರುವ ಕಾರ್ಖಾನೆಗಳ ವಿಷಯದಲ್ಲಿಯೂ ವರದಿ ಬರೆಯುವವರು ಮೊದಲು ನೋಡುವುದು ಹಿಂದಿನ ಪ್ರಕಟಣೆಗಳನ್ನು. ಪ್ರಕಟಣೆ ಇಲ್ಲವಾದರೆ ವಿಶೇಷ ಜೀವಿಗಳಿಲ್ಲ ಎಂದು ಒಂದು ಸಾಲು ಬರೆದು ಮುಂದೆ ಹೋಗುವುದು ಸುಲಭ. ತೋಳ, ಚಿಗರಿ, ಕರಡಿಗಳು ಓಡಾಡುವ ನೆಲದ ಬಗ್ಗೆ ಆ ಸಾಲು ಎಷ್ಟು ಸುಳ್ಳೆಂಬುದನ್ನು ಕುರಿ ಕಾಯುವ ಯಾವ ಹುಡುಗನನ್ನು ಕೇಳಿದರೂ ತಿಳಿದೀತು. ಗಂಗಾವತಿ ಕಡೆಯ ಬಂಕಾಪುರದಲ್ಲಿ ಈಗ ತೋಳಗಳಿಗೆಂದೇ ವನ್ಯಧಾಮವಾಗಿದೆ. ಅದು ಸಣ್ಣದು. ತೋಳಕ್ಕೆ ಅದರ ಗಡಿ ಗೊತ್ತಿಲ್ಲ.

ಪ್ರಬಂಧವೊಂದು ಇಂಥ ನೆಲದ ಹಣೆಬರಹವನ್ನು ತಿದ್ದಬಲ್ಲುದೇ? ಒಂದು ಪ್ರಯತ್ನ ನಡೆದಿದೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಮಹೇಶ್ ಶಂಕರನ್ ಮತ್ತು ಅನೇಕ ಸಹಲೇಖಕರು 2005ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಆಫ್ರಿಕದ 854 ತಾಣಗಳ ಮಾಹಿತಿಯನ್ನು ಒಟ್ಟುಗೂಡಿಸಿ ಒಂದು ಪ್ರಬಂಧ ಬರೆದರು. ವರ್ಷಕ್ಕೆ ಸುಮಾರು 650 ಮಿಲಿಮೀಟರಿಗಿಂತ ಕಡಿಮೆ ಮಳೆ ಬೀಳುವ ಕಡೆ ಮರಗಳ ದಟ್ಟಣೆಗೆ ಮಳೆಯೇ ಮಿತಿ ಹಾಕುತ್ತದೆ. ಹುಲ್ಲು ಮತ್ತು ಮರ ಅಲ್ಲಿ ಸಹಜವಾಗಿಯೇ ಒಟ್ಟಿಗೆ ಬಾಳುತ್ತವೆ. ಅದಕ್ಕಿಂತ ಹೆಚ್ಚು ಮಳೆಯಾಗುವ ಕಡೆ ಬೆಂಕಿ ಮತ್ತು ಮೇಯುವಿಕೆ ಇಲ್ಲದಿದ್ದರೆ ಮರಗಳು ಕವಿದುಕೊಳ್ಳುತ್ತವೆ. ಸಾವಿರಾರು ಉಲ್ಲೇಖ ಪಡೆದ ಬರಹವಿದು. ಆಫ್ರಿಕದ ಲೆಕ್ಕವನ್ನು ಹಾಗೆಯೇ ತಂದು ಇಲ್ಲಿಗೆ ಹಚ್ಚಲಾಗದು. ಆದರೂ ಕೊಪ್ಪಳದ ವಾರ್ಷಿಕ ಸರಾಸರಿ ಮಳೆ 600 ಮಿಲಿಮೀಟರಿನ ಆಸುಪಾಸು ಎಂಬುದನ್ನು ನೆನೆದರೆ ವಿಚಾರಕ್ಕೆ ಎಡೆಯಿದೆ.

ಅದೇ ಕೇಂದ್ರದ ಜಯಶ್ರೀ ರತ್ನಂ ಮತ್ತು ಸಂಗಡಿಗರು 2011ರಲ್ಲಿ ಇನ್ನೂ ನೇರವಾದ ಪ್ರಶ್ನೆ ಎತ್ತಿದರು: ಕಾಡೆಂದು ಕರೆಯುವ ನೆಲ ಯಾವಾಗ ಸವನ್ನಾ, ಮತ್ತು ಆ ಹೆಸರಿನಿಂದ ಆಗುವ ವ್ಯತ್ಯಾಸವೇನು? ಕಾಡಿನಲ್ಲಿ ಮೇಲಿನ ಎಲೆಚಪ್ಪರ ಕೂಡಿಕೊಂಡು ನೆಲಕ್ಕೆ ನೆರಳು ಕವಿದಿರುತ್ತದೆ. ಸವನ್ನಾದಲ್ಲಿ ಬಿಸಿಲನ್ನು ಬಯಸುವ ಹುಲ್ಲಿನ ಹಾಸು, ನಡುನಡುವೆ ಮರ. ಈ ಹುಲ್ಲುಗಳು ಸಿ-4 ಎಂಬ ಗುಂಪಿಗೆ ಸೇರಿದವು. ಜೋಳ, ಸಜ್ಜೆ, ಕಬ್ಬು ಅದೇ ಗುಂಪಿನವು. ಮರದಡಿಯ ಸಾಲಿನಲ್ಲಿ ಸಜ್ಜೆಯ ತೆನೆ ಎಷ್ಟು ಬಡಕಲಾಗಿರುತ್ತದೆ ಎಂದು ಯಾವ ರೈತನಿಗೂ ಹೇಳಿಕೊಡಬೇಕಾಗಿಲ್ಲ. ನೆರಳಿನಲ್ಲಿ ಗುಡ್ಡದ ಹುಲ್ಲಿಗೂ ಅದೇ ಗತಿ. ಇಲ್ಲಿಯ ಮರಗಳು ತೊಗಟೆ ದಪ್ಪವಾಗಿ, ಬೆಂಕಿ ಬಿದ್ದರೂ ಬುಡದಿಂದ ಮತ್ತೆ ಚಿಗುರುವಂಥವು. ಅವರದೇ 2016ರ ಇನ್ನೊಂದು ಪ್ರಬಂಧ ಏಷ್ಯಾದ ಸವನ್ನಾಗಳು ಬಹು ಪ್ರಾಚೀನವೆಂದೂ, ಅವೆಲ್ಲವೂ ಮನುಷ್ಯ ಕಡಿದು ಹಾಳುಮಾಡಿದ ಕಾಡುಗಳಲ್ಲವೆಂದೂ ವಾದಿಸಿತು. ಹೀಗಿದ್ದರೆ ಹುಲ್ಲುಗಾವಲಿಗೆ ಗುಂಡಿ ತೋಡಿ ಸಸಿ ನೆಡುವುದು ಉಪಕಾರವಲ್ಲ. ವನಮಹೋತ್ಸವದ ಉತ್ಸಾಹಿಗಳಿಗೆ, ಪರಿಸರ ಚಳವಳಿಯವರಿಗೂ ಸೇರಿಸಿ, ಇದು ಕಹಿಯಾದ ಮಾತು.

ಆದರೆ ಕುರುಚಲೆಲ್ಲವೂ ಪುರಾತನ ಸವನ್ನಾ ಎಂದುಬಿಡುವುದೂ ಆತುರ. ಕಟ್ಟಿಗೆಗಾಗಿ ಬೋಳಾದ ಇಳಿಜಾರುಂಟು, ಕಲ್ಲುಗಣಿಯಿಂದ ಕೆಟ್ಟ ಗುಡ್ಡವುಂಟು, ಕಮರ, ದಿಂಡಿಗ, ತುಗ್ಗಲಿ ಮರಗಳು ದಟ್ಟವಾಗಿ ಬೆಳೆಯಬಲ್ಲ ಕಣಿವೆಯೂ ಉಂಟು. ಯಾವುದು ಯಾವುದೆಂದು ಬೆಂಗಳೂರಿನಿಂದ ಹೇಳಲಾಗದು. ಗುಡ್ಡ ಗುಡ್ಡಕ್ಕೂ ಹೋಗಿ, ಹುಲ್ಲನ್ನು ಹೆಸರು ಹಿಡಿದು ಗುರುತಿಸಿ, ಮೇಯಿಸುವವರನ್ನು ಕೇಳಿ ನಿರ್ಣಯಿಸಬೇಕಾದದ್ದು. ಒಂದು ಉದಾಹರಣೆ ಸಾಕು. ಕಾರೆ ಮತ್ತು ಬಾರಿ ಪೊದೆಗಳ ಒಳಗೆ ಬೇವಿನ ಸಸಿ ಮೇಲೆದ್ದಿರುವುದನ್ನು ಇಲ್ಲಿ ಕಾಣಬಹುದು. ಹೊರಗೆ ಬಯಲಿನಲ್ಲಿ ಮೊಳೆತದ್ದನ್ನು ಮೇಕೆ ಬಿಟ್ಟಿರುವುದಿಲ್ಲ. ಇದು ಉತ್ತರ ಕನ್ನಡದ ಬಿದಿರಿನ ಮುಳ್ಳಿನ ಕಥೆಯೇ. ಪೊದೆಯೊಳಗೆ ಎಷ್ಟು ಸಸಿ, ಬಯಲಿನಲ್ಲಿ ಎಷ್ಟು, ಮೂರು ವರ್ಷದ ಮೇಲೆ ಉಳಿದವೆಷ್ಟು ಎಂದು ಎಣಿಸಲು ದುಬಾರಿ ಯಂತ್ರ ಬೇಡ. ಪದವಿ ತರಗತಿಯ ವಿದ್ಯಾರ್ಥಿ, ಒಂದು ಅಳತೆಯ ಟೇಪು, ಒಂದು ನೋಟುಪುಸ್ತಕ ಸಾಕು.

ಬರೆದದ್ದನ್ನು ಎಲ್ಲಿ ಪ್ರಕಟಿಸಬೇಕು ಎಂಬ ಪ್ರಶ್ನೆ ಈಗ ಬರುತ್ತದೆ. ಇಲ್ಲಿ ಎಚ್ಚರಿಕೆ ಅಗತ್ಯ. ವಿಶ್ವವಿದ್ಯಾಲಯ ಅನುದಾನ ಆಯೋಗವು 2010ರ ನಿಯಮಾವಳಿಯಲ್ಲಿ ಅಧ್ಯಾಪಕರ ನೇಮಕ ಮತ್ತು ಬಡ್ತಿಗೆ ಪ್ರಕಟಣೆಗಳ ಅಂಕಪದ್ಧತಿಯನ್ನು ತಂದ ಮೇಲೆ, ಹಣ ಪಡೆದು ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳು ನಾಯಿಕೊಡೆಗಳಂತೆ ಎದ್ದವು. ಅವುಗಳನ್ನು ತಡೆಯಲು 2018ರಲ್ಲಿ ಯುಜಿಸಿ-ಕೇರ್ ಪಟ್ಟಿಯನ್ನು ಘೋಷಿಸಲಾಯಿತು. 2025ರಲ್ಲಿ ಅದನ್ನೂ ಕೈಬಿಡಲಾಯಿತು. ಅಂಕಕ್ಕಾಗಿ ಬರೆಸಿದರೆ ಅಂಕಕ್ಕೆ ತಕ್ಕ ಬರಹವೇ ಬರುತ್ತದೆ. ಹೊರದೇಶಗಳಲ್ಲೂ ಇದರ ಬಗ್ಗೆ ಅಸಮಾಧಾನವಿದೆ. ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ ನೋಡಿ ವಿಜ್ಞಾನಿಯನ್ನು ಅಳೆಯಬಾರದೆಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2012ರಲ್ಲಿ ಸೇರಿದ ಸಂಪಾದಕರು ರೂಪಿಸಿದ ಘೋಷಣೆಗೆ ಸಾವಿರಾರು ಸಂಸ್ಥೆಗಳೂ ವಿಜ್ಞಾನಿಗಳೂ ಸಹಿ ಹಾಕಿದ್ದಾರೆ. ನೇಮಕಾತಿ ಸಮಿತಿಗಳ ಮೇಜಿನ ಮೇಲೆ ಮಾತ್ರ ಇನ್ನೂ ಅದೇ ಅಂಕಪಟ್ಟಿ ಇದೆ.

ಕನ್ನಡದಲ್ಲಿ ಬರೆದದ್ದಕ್ಕೆ ಈ ಲೆಕ್ಕದಲ್ಲಿ ಜಾಗವಿಲ್ಲ. ಬಿ.ಜಿ.ಎಲ್. ಸ್ವಾಮಿ ಅವರನ್ನು ಇಲ್ಲಿ ಸ್ಮರಿಸಬೇಕು. ಹಾರ್ವರ್ಡ್‌ನ ಐ.ಡಬ್ಲ್ಯು. ಬೈಲಿ ಅವರೊಡನೆ ಹೂವಿನ ಅಂಡಾಶಯದ ವಿಕಾಸದ ಬಗ್ಗೆ ಅವರು 1951ರಲ್ಲಿ ಪ್ರಕಟಿಸಿದ ಪ್ರಬಂಧ ಸಸ್ಯಶಾಸ್ತ್ರದಲ್ಲಿ ಇಂದಿಗೂ ಉಲ್ಲೇಖಗೊಳ್ಳುತ್ತಿದೆ. ಅದೇ ಸ್ವಾಮಿ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಬೆಟ್ಟ ಸುತ್ತಿದ ಅನುಭವವನ್ನು 'ಹಸುರು ಹೊನ್ನು' ಎಂಬ ಹೆಸರಿನಲ್ಲಿ ಕನ್ನಡದಲ್ಲಿ ಬರೆದರು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪುರಸ್ಕಾರ ಬಂದಿತು. ಕನ್ನಡಿಗರಲ್ಲಿ ಗಿಡದ ಹೆಸರು ಕೇಳುವ ಕುತೂಹಲ ಹುಟ್ಟಿಸಿದ್ದು ಯಾವ ಬರಹವೆಂದು ಹೇಳಬೇಕಾಗಿಲ್ಲ. ಇದರ ಇನ್ನೊಂದು ಮುಖ ಪಶ್ಚಿಮಘಟ್ಟ ಪರಿಸರ ತಜ್ಞರ ಸಮಿತಿಯ ವರದಿ. ಗಾಡ್ಗೀಳರ ನೇತೃತ್ವದ ಸಮಿತಿ 2011ರ ಆಗಸ್ಟಿನಲ್ಲಿ ಅದನ್ನು ಇಂಗ್ಲಿಷಿನಲ್ಲಿ ಸಲ್ಲಿಸಿತು. ಸ್ಥಳೀಯ ಭಾಷೆಗಳಲ್ಲಿ ಅದು ಗ್ರಾಮಸಭೆಗಳ ಮುಂದೆ ಹೋಗಬೇಕೆಂದು ಗಾಡ್ಗೀಳರು ಮತ್ತೆ ಮತ್ತೆ ಒತ್ತಾಯಿಸಿದರು. ಅದು ಹೋಗುವ ಮೊದಲೇ ವದಂತಿ ಹೋಗಿತ್ತು. ಓದದ ವರದಿಯ ವಿರುದ್ಧ ಮಲೆನಾಡಿನ ಊರೂರುಗಳಲ್ಲಿ ಪ್ರತಿಭಟನೆಗಳು ನಡೆದವು. ವಿದ್ವಾಂಸರ ಪ್ರಬಂಧಗಳಲ್ಲಿ ಆ ವರದಿಯ ಉಲ್ಲೇಖಕ್ಕೆ ಕೊರತೆಯಿಲ್ಲ.

ಗ್ರಾಮಸ್ಥರ ಕೈಯಲ್ಲಿ ಇರುವ ಒಂದು ದಾಖಲೆಯ ಬಗ್ಗೆ ಕೊನೆಯದಾಗಿ ಹೇಳಬೇಕು. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇದಕ್ಕೆ 2020ರ ಜನವರಿ 31ರ ಗಡುವು ಹಾಕಿದಾಗ ದೇಶದಾದ್ಯಂತ ದಾಖಲೆಗಳು ಅವಸರದಲ್ಲಿ ತಯಾರಾದವು. ಅವಸರದ ದಾಖಲೆ ಹೇಗಿರುತ್ತದೆ ಎಂಬುದು ಊಹಿಸಬಹುದಾದದ್ದೇ: ಒಂದು ಪಂಚಾಯಿತಿಯ ಪಟ್ಟಿಯನ್ನು ಇನ್ನೊಂದಕ್ಕೆ ನಕಲು ಮಾಡಿದರೆ ಮಲೆನಾಡಿನ ಗಿಡ ಬಯಲುಸೀಮೆಯ ಪುಸ್ತಕದಲ್ಲಿ ಬೆಳೆದುಬಿಡುತ್ತದೆ. ಈ ನಾಲ್ಕು ತಾಲ್ಲೂಕುಗಳ ಪಂಚಾಯಿತಿ ಕಚೇರಿಗಳಲ್ಲಿ ಆ ಪುಸ್ತಕವನ್ನು ಕೇಳಿ ಪಡೆದು ಓದುವ ಅಧಿಕಾರ ಊರಿನವರಿಗಿದೆ. ಯಾವ ಗುಡ್ಡದಲ್ಲಿ ಯಾವ ಹುಲ್ಲು, ಅದನ್ನು ಕುರಿ ಯಾವ ತಿಂಗಳಲ್ಲಿ ತಿನ್ನುತ್ತದೆ, ತೋಳದ ಗವಿ ಎಲ್ಲಿತ್ತು, ಯಾವ ವರ್ಷದಿಂದ ಕಾಣುತ್ತಿಲ್ಲ, ಹೊಲದಲ್ಲಿ ಕುರಿ ನಿಲ್ಲಿಸುವ ರೂಢಿ ಎಲ್ಲಿ ಉಳಿದಿದೆ, ಇವುಗಳನ್ನು ಹೇಳಿದವರ ಒಪ್ಪಿಗೆ ಪಡೆದು ಅವರ ಹೆಸರಿನೊಡನೆ, ದಿನಾಂಕದೊಡನೆ ಸೇರಿಸಬಹುದು. ಔಷಧಿ ಗಿಡದ ಗುಟ್ಟು ಹೇಳಲು ಇಷ್ಟವಿಲ್ಲದವರನ್ನು ಒತ್ತಾಯಿಸಬಾರದು. ಹೊರಗಿನಿಂದ ಸಂಶೋಧಕರು ಬಂದರೆ ಅವರಿಗೆ ನೀರು, ನೆರಳು, ಮಾಹಿತಿ ಕೊಡುವ ಸೌಜನ್ಯ ಈ ಸೀಮೆಗೆ ಹೊಸದಲ್ಲ. ಅದರ ಜೊತೆಗೆ ಒಂದು ಷರತ್ತನ್ನೂ ಹಾಕಬಹುದು: ಪ್ರಬಂಧ ಅಚ್ಚಾದ ಮೇಲೆ ಅದರ ಪ್ರತಿಯನ್ನೂ, ಕನ್ನಡದಲ್ಲಿ ಎರಡು ಪುಟದ ಸಾರವನ್ನೂ ಪಂಚಾಯಿತಿಗೆ ಕಳುಹಿಸಬೇಕು. ಆ ಎರಡು ಪುಟ ದಾಖಲಾತಿ ಪುಸ್ತಕದ ಹಿಂದೆ ಅಂಟಿಸಿಟ್ಟುಕೊಳ್ಳುವಷ್ಟು ಮಾತ್ರ ಇದ್ದರೆ ಸಾಕು.